ಅಧಿಕಾರಿಯ ಕವಚ, ಗೌಂಡಿಯ ಬಾಕಿ

ಸಾರ್ವಜನಿಕ ಕಾಮಗಾರಿಯೊಂದು ಮುಗಿದು ಜನರ ಉಪಯೋಗಕ್ಕೆ ಬಂದ ಮೇಲೆಯೂ ಅದನ್ನು ತನ್ನ ಕೈಯಾರೆ ಕಟ್ಟಿದವನಿಗೆ ಸಲ್ಲತಕ್ಕ ಹಣವು ಸಲ್ಲದೆ ಉಳಿದರೆ, ಆ ಅನ್ಯಾಯಕ್ಕೆ ಉತ್ತರವಾದಿ ಯಾರು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಬರಿಯ ಲೆಕ್ಕಪತ್ರದ ಪ್ರಶ್ನೆಯಂತೆ ತೋರಿದರೂ, ವಿಚಾರಮಾಡಿ ನೋಡಿದರೆ ಅದು ರಾಜನೀತಿಯ ಮೂಲಪ್ರಶ್ನೆಗಳಲ್ಲೊಂದು. ಅಧಿಕಾರವನ್ನು ಒಬ್ಬನ ಕೈಗೆ ಕೊಡುವಾಗ ಸಮಾಜವು ಅವನಿಗೆ ರಕ್ಷಣೆಯನ್ನೂ ಕೊಡಬೇಕಾಗುತ್ತದೆ. ಆ ರಕ್ಷಣೆಯು ಎಲ್ಲಿಗೆ ಮುಗಿಯತಕ್ಕದ್ದು ಎಂಬುದನ್ನು ಮಾತ್ರ ನಮ್ಮ ಶಾಸನಗಳು ಸ್ಪಷ್ಟವಾಗಿ ಹೇಳಿಲ್ಲ. ಈ ಅಸ್ಪಷ್ಟತೆಯ ಭಾರವನ್ನು ಹೊರುವವನು ಶಾಸನವನ್ನು ಓದಲಾರದ ಕೆಲಸಗಾರನೆಂಬುದೇ ಈ ಲೇಖನಕ್ಕೆ ಕಾರಣ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಕಾಗದದ ಕಾರ್ಖಾನೆಯಿಂದ ಬೆಳೆದ ದಾಂಡೇಲಿಯಲ್ಲಿ ನಗರಸಭೆ ಇದೆ. ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯತಿ ಇವೆ. ಹಳೆಯ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾವನ್ನು ಕೇಂದ್ರವಾಗಿಸಿಕೊಂಡ ತಾಲ್ಲೂಕಿನ ಕಾಡೂರುಗಳಲ್ಲಿ ಗ್ರಾಮ ಪಂಚಾಯತಿಗಳಿವೆ. ಸಂಸ್ಥೆಯ ಹೆಸರು ಯಾವುದಾದರೂ ಆಗಲಿ, ಗಟಾರವೊಂದನ್ನು, ಸಿ.ಸಿ. ರಸ್ತೆಯೊಂದನ್ನು, ಅಂಗನವಾಡಿಯ ಕೋಣೆಯೊಂದನ್ನು ಕಟ್ಟಿಸುವ ಕ್ರಮ ಎಲ್ಲ ಕಡೆಯೂ ಒಂದೇ. ಟೆಂಡರು ಯಾರ ಹೆಸರಿಗೆ ಆಗುವುದೋ ಆತನು ಬಹುಶಃ ಜಿಲ್ಲಾ ಕೇಂದ್ರದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇರುವ ಪರವಾನಗಿದಾರ. ಆತನು ಆ ಕೆಲಸವನ್ನು ಸ್ಥಳೀಯನೊಬ್ಬನಿಗೆ ತುಂಡು ಗುತ್ತಿಗೆಯಾಗಿ ಒಪ್ಪಿಸುತ್ತಾನೆ. ಈ ತುಂಡು ಗುತ್ತಿಗೆದಾರನು ಖಡಿ, ಉಸುಕು, ಸಿಮೆಂಟುಗಳನ್ನು ಅಂಗಡಿಯಿಂದ ಉದ್ರಿಯಾಗಿ ತಂದು, ಸೆಂಟ್ರಿಂಗಿನವನಿಗೆ ಮುಂಗಡ ಕೊಟ್ಟು, ಗೌಂಡಿಗಳಿಗೂ ಆಳುಗಳಿಗೂ ಶನಿವಾರದ ಬಟವಾಡೆಯನ್ನು ತನ್ನ ಗಂಟಿನಿಂದಲೇ ಮಾಡಿ, ಮಳೆಗಾಲಕ್ಕೆ ಮುಂಚೆ ಕೆಲಸವನ್ನು ತೀರಿಸುತ್ತಾನೆ. ಕಾಳಿನದಿಯ ಸೀಮೆಯಲ್ಲಿ ಜೂನ್ ತಿಂಗಳು ಹೊಕ್ಕರೆ ಕಾಂಕ್ರೀಟು ಹಾಕುವ ಮಾತೇ ಇಲ್ಲ. ಸರ್ಕಾರದ ಲೆಕ್ಕದ ವರ್ಷವಾದರೋ ಮಾರ್ಚ್ 31ಕ್ಕೆ ಮುಗಿಯುತ್ತದೆ. ಪ್ರಕೃತಿಯ ಗಡುವು ಒಂದು, ಖಜಾನೆಯ ಗಡುವು ಇನ್ನೊಂದು. ಈ ಎರಡರ ನಡುವಿನ ಅಂತರದಲ್ಲಿ ಅನುದಾನವು ಹಿಂದಕ್ಕೆ ಹೋದರೆ, ಬಿಲ್ಲು ಮುಂದಿನ ವರ್ಷದ ಕಡತವಾಗುತ್ತದೆ, ಉದ್ರಿಯ ಬಡ್ಡಿ ಮಾತ್ರ ಈ ವರ್ಷದ್ದೇ ಆಗಿ ಬೆಳೆಯುತ್ತದೆ.

ಹಣ ಬಾರದೆ ಹೋದಾಗ ತುಂಡು ಗುತ್ತಿಗೆದಾರನು ತಟ್ಟಬಹುದಾದ ಬಾಗಿಲುಗಳು ಮೂರು. ಮೊದಲನೆಯದು ಮುಖ್ಯ ಗುತ್ತಿಗೆದಾರನದು. ಅವನಿಂದ ಸಾಮಾನ್ಯವಾಗಿ ದೊರೆಯುವ ಉತ್ತರ, ‘ನನಗೇ ಬಿಲ್ ಆಗಿಲ್ಲ’ ಎಂಬುದು. ಅದು ನಿಜವೂ ಆಗಿರಬಹುದು, ನೆಪವೂ ಆಗಿರಬಹುದು. ಯಾವುದೆಂದು ತಿಳಿಯುವ ಉಪಾಯ ಕೇಳುವವನ ಬಳಿ ಇರುವುದಿಲ್ಲ. ಒಪ್ಪಂದವು ಬಹುಮಟ್ಟಿಗೆ ಬಾಯಿಮಾತಿನದಾದುದರಿಂದ ದಾವೆ ಹೂಡಿದರೂ ಸಾಕ್ಷ್ಯವು ದುರ್ಬಲ. ಮಾಡಿದ ಕೆಲಸದ ಬೆಲೆಯನ್ನು ಕೇಳಲು ಕಾಲಮಿತಿ ಕಾಯಿದೆಯು ಕೊಡುವ ಅವಧಿ ಮೂರೇ ವರ್ಷ. ಎರಡನೆಯ ಬಾಗಿಲು ಕೆಲಸದ ಫಲವನ್ನು ಉಣ್ಣುತ್ತಿರುವ ನಗರಸಭೆಯದು. ಅಲ್ಲಿ ದೊರೆಯುವ ಉತ್ತರವು ನಿಷ್ಠುರವಾದರೂ ಕಾನೂನಿಗೆ ಸಮ್ಮತವಾದದ್ದು: ‘ನಿನಗೂ ನಮಗೂ ಕರಾರಿಲ್ಲ.’ ಮೂರನೆಯದು, ಎಂ.ಬಿ. ಪುಸ್ತಕದಲ್ಲಿ ಅಳತೆಯನ್ನು ಬರೆದ ಇಂಜಿನಿಯರ್, ಬಿಲ್ಲಿಗೆ ಸಹಿ ಹಾಕಬೇಕಾದ ಮುಖ್ಯಾಧಿಕಾರಿ ಅಥವಾ ಪೌರಾಯುಕ್ತ, ಇವರನ್ನು ವೈಯಕ್ತಿಕವಾಗಿ ಪ್ರಶ್ನಿಸುವುದು. ಆ ಬಾಗಿಲಿನ ಮುಂದೆ ಅಧಿಕಾರಿಯ ವಿನಾಯಿತಿಯೆಂಬ ಕಾವಲು ನಿಂತಿದೆ.

ಈ ಕಾವಲಿಗೆ ದೀರ್ಘವಾದ ಇತಿಹಾಸವಿದೆ. ರಾಜನು ತಪ್ಪುಮಾಡನೆಂಬ ಆಂಗ್ಲರ ಸೂತ್ರವು ನಮ್ಮ ದೇಶಕ್ಕೆ ಬಂದದ್ದು ಒಂದು ವ್ಯಾಪಾರದ ಸಂಸ್ಥೆಯ ಹಡಗನ್ನೇರಿ; ಆದುದರಿಂದಲೇ ಅದು ಇಲ್ಲಿ ಪೂರ್ಣರೂಪದಲ್ಲಿ ನೆಲೆಗೊಳ್ಳಲಿಲ್ಲ. ಕಲ್ಕತ್ತೆಯ ಕಿದ್ದರ್‌ಪುರದ ಸರ್ಕಾರಿ ಹಡಗುಕಟ್ಟೆಯಲ್ಲಿ ಕೂಲಿಗಳು ಹೊತ್ತೊಯ್ಯುತ್ತಿದ್ದ ಭಾರವಾದ ಕಬ್ಬಿಣದ ತುಂಡೊಂದು ಸದ್ದುಮಾಡಿ ಬಿದ್ದುದರಿಂದ, ಪಿ. ಅಂಡ್ ಓ. ಹಡಗು ಕಂಪನಿಯ ಗಾಡಿಯ ಕುದುರೆ ಬೆದರಿ ಗಾಯಗೊಂಡಿತು. ಕಂಪನಿಯು ಪರಿಹಾರ ಕೇಳಿತು. 1861ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಅವರು, ಸರ್ಕಾರವು ಸಾಮಾನ್ಯ ಮನುಷ್ಯನಂತೆ ನಡೆಸಬಹುದಾದ ಕೆಲಸಗಳಲ್ಲಿ ಸಾಮಾನ್ಯ ಮನುಷ್ಯನಂತೆಯೇ ಹೊಣೆಗಾರನೆಂದೂ, ಸಾರ್ವಭೌಮ ಅಧಿಕಾರದಿಂದ ಮಾತ್ರ ನಡೆಸಬಹುದಾದ ಕೆಲಸಗಳಲ್ಲಿ ಹಾಗಲ್ಲವೆಂದೂ ಭೇದವನ್ನು ಮಾಡಿ, ಕುದುರೆಯ ಒಡೆಯರಿಗೆ ಪರಿಹಾರವನ್ನು ಕೊಡಿಸಿದರು. ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನದ 300ನೆಯ ಅನುಚ್ಛೇದವು ಈ ಸ್ಥಿತಿಯನ್ನು ಹೆಚ್ಚು ಕಡಮೆ ಹಾಗೆಯೇ ಉಳಿಸಿಕೊಂಡಿತು.

ಆಮೇಲಿನ ತೀರ್ಪುಗಳು ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. 1962ರ ವಿದ್ಯಾವತಿ ಪ್ರಕರಣದಲ್ಲಿ, ರಿಪೇರಿಯಾಗಿ ಹಿಂತಿರುಗುತ್ತಿದ್ದ ಸರ್ಕಾರಿ ಜೀಪು ದಾರಿಹೋಕನೊಬ್ಬನನ್ನು ಕೊಂದುದಕ್ಕೆ ರಾಜಸ್ಥಾನ ಸರ್ಕಾರವು ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೆ 1965ರಲ್ಲಿ ವರದಿಯಾದ ಕಸ್ತೂರಿಲಾಲ್ ಪ್ರಕರಣದಲ್ಲಿ, ಮೀರತ್ತಿನ ಪೊಲೀಸರು ವಶಪಡಿಸಿಕೊಂಡಿದ್ದ ಬಂಗಾರವನ್ನು ಹೆಡ್ ಕಾನ್‌ಸ್ಟೇಬಲನೊಬ್ಬ ಅಪಹರಿಸಿ ಪಾಕಿಸ್ತಾನಕ್ಕೆ ಓಡಿಹೋದಾಗ, ಅದು ಸಾರ್ವಭೌಮ ಅಧಿಕಾರದ ಚಲಾವಣೆಯಲ್ಲಿ ಆದ ನಷ್ಟವೆಂಬ ಕಾರಣದಿಂದ ವರ್ತಕನು ಬರಿಗೈಯಲ್ಲಿ ಮರಳಿದನು. ಹೀಗೆ ತೀರ್ಪಿತ್ತ ನ್ಯಾಯಾಲಯವೇ ಈ ಸ್ಥಿತಿಯು ತೃಪ್ತಿಕರವಲ್ಲ, ಶಾಸನ ಬೇಕು ಎಂದು ಹೇಳಿತೆಂಬುದು ಗಮನಾರ್ಹ. ಕಾನೂನು ಆಯೋಗವು 1956ರ ತನ್ನ ಮೊಟ್ಟಮೊದಲ ವರದಿಯಲ್ಲಿಯೇ ಅಂಥ ಶಾಸನವನ್ನು ಶಿಫಾರಸು ಮಾಡಿತ್ತು; ಅರವತ್ತರ ದಶಕದಲ್ಲಿ ಮಸೂದೆಗಳು ಬಂದುವು, ಬಿದ್ದುಹೋದುವು; ಇಂದಿಗೂ ಶಾಸನವಿಲ್ಲ. 1994ರ ನಾಗೇಂದ್ರರಾವ್ ಪ್ರಕರಣದಲ್ಲಿ, ಅಧಿಕಾರಿಗಳು ವಶದಲ್ಲಿಟ್ಟುಕೊಂಡ ಗೊಬ್ಬರವು ಅವರ ಅಲಕ್ಷ್ಯದಿಂದ ಹಾಳಾದುದಕ್ಕೆ ಸರ್ಕಾರವು ಬೆಲೆ ತೆರಬೇಕೆಂದು ಹೇಳಿದ ನ್ಯಾಯಾಲಯವು, ಪ್ರಜಾಪ್ರಭುತ್ವದಲ್ಲಿ ಈ ಹಳೆಯ ಸಾರ್ವಭೌಮ ವಿನಾಯಿತಿಗೆ ಸ್ಥಾನವಿಲ್ಲವೆಂಬ ಅಭಿಪ್ರಾಯಕ್ಕೆ ಬಂದಿತು.

ಇವೆಲ್ಲವೂ ಸರ್ಕಾರದ ಹೊಣೆಯ ಮಾತಾಯಿತು. ಸರ್ಕಾರದ ಕೈಗಳಾದ ವ್ಯಕ್ತಿಗಳ ಹೊಣೆಯ ಮಾತು ಬೇರೆ. ಸಂವಿಧಾನದ 299ನೆಯ ಅನುಚ್ಛೇದದ ಎರಡನೆಯ ಖಂಡವು, ಸರ್ಕಾರದ ಪರವಾಗಿ ಕರಾರಿಗೆ ಸಹಿ ಹಾಕಿದ ಯಾವ ಅಧಿಕಾರಿಯೂ ಆ ಕರಾರಿಗಾಗಿ ಸ್ವಂತ ಹೊಣೆಗಾರನಲ್ಲವೆನ್ನುತ್ತದೆ. ಸ್ಥಳೀಯ ಸಂಸ್ಥೆಗಳಿಗೆ ಈ ಅನುಚ್ಛೇದವು ನೇರವಾಗಿ ಅನ್ವಯಿಸದಿದ್ದರೂ, 1872ರ ಕರಾರು ಕಾಯಿದೆಯ 230ನೆಯ ಕಲಮು ಕಾರಭಾರಿಯು ಒಡೆಯನ ಪರವಾಗಿ ಮಾಡಿದ ಕರಾರು ಸಾಮಾನ್ಯವಾಗಿ ಕಾರಭಾರಿಯನ್ನು ಬಂಧಿಸದೆಂಬ ಅದೇ ನ್ಯಾಯವನ್ನು ಹೇಳುತ್ತದೆ. ಇದರ ಮೇಲೆ ಪುರಾಡಳಿತದ ಶಾಸನಗಳಲ್ಲಿ, ಸದ್ಭಾವನೆಯಿಂದ ಮಾಡಿದ ಕಾರ್ಯಕ್ಕಾಗಿ ಅಧಿಕಾರಿಗಳ ಮೇಲೆ ದಾವೆ ಹೂಡಕೂಡದೆಂಬ ಕಲಮುಗಳೂ, ದಾವೆಗೆ ಮುನ್ನ ನೋಟೀಸು ಕೊಟ್ಟು ಕಾಯತಕ್ಕದ್ದೆಂಬ ಕಲಮುಗಳೂ ಇವೆ.

ಈ ರಕ್ಷಣೆಯನ್ನು ತೆಗೆದೊಗೆಯಬೇಕೆಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಅದರ ಪಕ್ಷದಲ್ಲಿರುವ ಯುಕ್ತಿಯು ಬಲವಾದದ್ದು. ಒಂದು ಪುರಸಭೆಯ ಜೂನಿಯರ್ ಇಂಜಿನಿಯರನನ್ನು ನೆನೆಯೋಣ. ಕಾಮಗಾರಿಯು ಕಳಪೆಯೆಂದು ತೋರಿ ಅವನು ಬಿಲ್ಲನ್ನು ತಡೆದರೆ ಗುತ್ತಿಗೆದಾರನ ಕೋಪ. ತಡೆಯದೆ ಬಿಟ್ಟರೆ ಲೆಕ್ಕಪರಿಶೋಧಕನ ಆಕ್ಷೇಪ, ಒಮ್ಮೊಮ್ಮೆ ಲೋಕಾಯುಕ್ತದ ವಿಚಾರಣೆ. ಈ ಎರಡರ ಜೊತೆಗೆ, ತಡೆದುದಕ್ಕಾಗಿ ತನ್ನ ಮನೆಮಠಗಳ ಮೇಲೆಯೇ ನ್ಯಾಯಾಲಯದ ಜಪ್ತಿ ಬಂದೀತೆಂಬ ಭಯವೂ ಸೇರಿದರೆ, ಅವನು ಎಲ್ಲ ಬಿಲ್ಲುಗಳಿಗೂ ಕಣ್ಣುಮುಚ್ಚಿ ಸಹಿಮಾಡುವನು, ಇಲ್ಲವೆ ಯಾವುದಕ್ಕೂ ಸಹಿಮಾಡದೆ ವರ್ಗಾವಣೆಯನ್ನು ಬೇಡುವನು. ಹಣಬಲವುಳ್ಳ ಗುತ್ತಿಗೆದಾರನಿಗೆ ದಾವೆಯೆಂಬುದು ಬೆದರಿಕೆಯ ಸಾಧನವಾಗುವುದು. ನಿಷ್ಪಕ್ಷಪಾತಿಯಾದ ಅಧಿಕಾರಿಯೇ ಮೊದಲ ಬಲಿಯಾಗುವನು. ತಿಂಗಳ ಸಂಬಳದ ನೌಕರನಿಂದ ಸಂಸ್ಥೆಯ ಲಕ್ಷಾಂತರ ರೂಪಾಯಿಯ ಸಾಲವನ್ನು ವಸೂಲುಮಾಡುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ತೀರ್ಮಾನವನ್ನು ಕೈಗೊಳ್ಳುವವನಿಗೆ ತಪ್ಪುಮಾಡುವ ಅವಕಾಶವನ್ನು ಕೊಡದೆ ಇದ್ದರೆ ತೀರ್ಮಾನವೇ ಹುಟ್ಟುವುದಿಲ್ಲ.

ಈ ಯುಕ್ತಿಯನ್ನು ಪೂರ್ಣವಾಗಿ ಒಪ್ಪಿಕೊಂಡ ಬಳಿಕವೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ರಕ್ಷಿಸುವುದು ತೀರ್ಮಾನ ಮಾಡಿದವನನ್ನು, ತೀರ್ಮಾನವನ್ನೇ ಮಾಡದೆ ಕುಳಿತವನನ್ನೂ ಇದೇ ಯುಕ್ತಿ ರಕ್ಷಿಸುವುದೆ? ‘ಕೆಲಸ ಕಳಪೆ, ಆದುದರಿಂದ ಬಿಲ್ಲನ್ನು ತಡೆದಿದ್ದೇನೆ’ ಎಂದು ಕಡತದಲ್ಲಿ ಬರೆದ ಅಧಿಕಾರಿಯು ತನ್ನ ವಿವೇಚನೆಯನ್ನು ಉಪಯೋಗಿಸಿದ್ದಾನೆ. ಅವನ ಅಭಿಪ್ರಾಯವು ತಪ್ಪಾಗಿದ್ದರೂ ರಕ್ಷಣೆಯು ಅವನಿಗೆ ಸಲ್ಲತಕ್ಕದ್ದು. ಅಳತೆಯಾಗಿ, ಗುಣಮಟ್ಟದ ಪರೀಕ್ಷೆಯಾಗಿ, ಅನುದಾನವು ಖಾತೆಯಲ್ಲಿದ್ದು, ಆಕ್ಷೇಪವೇನೂ ಇಲ್ಲದ ಬಿಲ್ಲನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡವನು ಯಾವ ವಿವೇಚನೆಯನ್ನೂ ಉಪಯೋಗಿಸಲಿಲ್ಲ. ಮೊದಲನೆಯದು ನಿರ್ಣಯ, ಎರಡನೆಯದು ಕರ್ತವ್ಯಲೋಪ. ಅಮೆರಿಕೆಯ ನ್ಯಾಯಾಲಯಗಳು ಅಧಿಕಾರಿಯ ವಿವೇಚನೆಗೆ ಬಿಟ್ಟ ಕಾರ್ಯಗಳನ್ನೂ, ಶಾಸನವು ವಿಧಿಸಿದಂತೆ ನಡೆಸಲೇಬೇಕಾದ ಕಾರ್ಯಗಳನ್ನೂ ಬೇರ್ಪಡಿಸಿ, ವಿನಾಯಿತಿಯನ್ನು ಮೊದಲನೆಯ ವರ್ಗಕ್ಕೆ ಸೀಮಿತಗೊಳಿಸುತ್ತ ಬಂದಿರುವುದು ಇದೇ ವಿವೇಕದಿಂದ.

ನಮ್ಮಲ್ಲಿ ಈ ಭೇದವು ಮಸುಕಾಗಿರುವುದಕ್ಕೆ ಒಂದು ಕಾರಣವು ಶಾಸನದಲ್ಲಿಯೇ ಇದೆ. 1897ರ ಸಾಮಾನ್ಯ ಖಂಡಗಳ ಕಾಯಿದೆಯ ಪ್ರಕಾರ, ಪ್ರಾಮಾಣಿಕವಾಗಿ ಮಾಡಿದ್ದೆಲ್ಲವೂ, ಅದರಲ್ಲಿ ಅಲಕ್ಷ್ಯವಿದ್ದರೂ ಸಹ, ಸದ್ಭಾವನೆಯಿಂದ ಮಾಡಿದ್ದೇ ಆಗುತ್ತದೆ. 1860ರ ದಂಡಸಂಹಿತೆಯಾದರೋ ಯುಕ್ತವಾದ ಎಚ್ಚರಿಕೆಯೂ ಗಮನವೂ ಇಲ್ಲದೆ ಮಾಡಿದುದು ಸದ್ಭಾವನೆಯದೆನಿಸದೆಂದು ಹೇಳಿತ್ತು. ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯೂ ಅದನ್ನೇ ಹೇಳುತ್ತದೆ. ಅಂದರೆ, ಅಪರಾಧದ ಆರೋಪಕ್ಕೆ ಗುರಿಯಾದ ಸಾಮಾನ್ಯ ಪ್ರಜೆಯಿಂದ ನಾವು ಎಚ್ಚರಿಕೆಯನ್ನು ಅಪೇಕ್ಷಿಸುತ್ತೇವೆ. ಹಣದ ದಾವೆಗೆ ಗುರಿಯಾದ ಅಧಿಕಾರಿಯಿಂದ ಅಷ್ಟನ್ನೂ ಅಪೇಕ್ಷಿಸುವುದಿಲ್ಲ. ಸಾರ್ವಜನಿಕ ಧನದ ಉಸ್ತುವಾರಿಯಲ್ಲಿರುವವನ ಸದ್ಭಾವನೆಯನ್ನು ಅಳೆಯಲು ಈ ಎರಡು ಅಳತೆಗಳಲ್ಲಿ ಕಠಿನವಾದುದನ್ನೇ ಉಪಯೋಗಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಅಧಿಕಾರಿಯ ಸ್ವಂತ ಹೊಣೆಯೆಂಬುದು ನಮ್ಮ ನ್ಯಾಯಪದ್ಧತಿಗೆ ಪರಕೀಯವಾದ ಕಲ್ಪನೆಯೆಂದು ಭಾವಿಸುವವರು 1993ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಹಣವನ್ನು ತೆತ್ತೂ ಮನೆಯನ್ನು ಪಡೆಯದ ಪ್ರಜೆಯೊಬ್ಬನ ಪೀಡನೆಯನ್ನು ವಿಚಾರಿಸಿದ ನ್ಯಾಯಮೂರ್ತಿ ಆರ್. ಎಂ. ಸಹಾಯ್ ಅವರು, ಪರಿಹಾರವನ್ನು ಮೊದಲು ಸಂಸ್ಥೆಯು ಕೊಟ್ಟುಬಿಡಬೇಕೆಂದೂ, ಆಮೇಲೆ ಅಕ್ಷಮ್ಯ ವರ್ತನೆಗೆ ಕಾರಣರಾದ ಅಧಿಕಾರಿಗಳನ್ನು ಗುರುತಿಸಿ ಅವರಿಂದ ಆ ಹಣವನ್ನು ಪಾಲುಪಾಲಾಗಿ ವಸೂಲುಮಾಡಬೇಕೆಂದೂ ವಿಧಿಸಿದರು. ಈ ಕ್ರಮದಲ್ಲಿರುವ ವಿವೇಕವನ್ನು ಗಮನಿಸಬೇಕು. ನೊಂದವನು ಅಧಿಕಾರಿಯನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ; ತಪ್ಪು ಯಾವ ಮೇಜಿನಲ್ಲಾಯಿತೆಂದು ಸಾಧಿಸಬೇಕಾದುದೂ ಇಲ್ಲ. ಅದು ಸಂಸ್ಥೆಯ ಒಳಗಿನ ವಿಚಾರ. ಪ್ರಾಮಾಣಿಕ ಅಧಿಕಾರಿಗೂ ವಿಚಾರಣೆಯಿಲ್ಲದೆ ದಂಡವಿಲ್ಲ.

ನಮ್ಮ ರಾಜ್ಯದ ಶಾಸನದಲ್ಲಿಯೇ ಈ ತತ್ತ್ವದ ಬೀಜವಿದೆ. ಜನರು ‘ಸಕಾಲ’ವೆಂದು ಬಲ್ಲ 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆಯು, ಗೊತ್ತುಪಡಿಸಿದ ದಿನದೊಳಗೆ ಸೇವೆಯನ್ನು ಕೊಡದ ಅಧಿಕಾರಿಯು ದಿನವೊಂದಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಅರ್ಜಿದಾರನಿಗೆ ಪರಿಹಾರವನ್ನು ಸಲ್ಲಿಸತಕ್ಕದ್ದೆಂದಿತು. 2005ರ ಮಾಹಿತಿ ಹಕ್ಕಿನ ಕಾಯಿದೆಯು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡವನ್ನು ಮಾಹಿತಿ ಅಧಿಕಾರಿಯ ಮೇಲೆಯೇ ವಿಧಿಸುತ್ತದೆ. ಈ ಮೊತ್ತಗಳು ಯಾರನ್ನೂ ದಿವಾಳಿಯೆಬ್ಬಿಸುವಂಥವಲ್ಲ. ಇವುಗಳಿಂದ ಆಡಳಿತಯಂತ್ರವು ಕುಸಿದುಬಿದ್ದಿಲ್ಲ. ಜಾತಿ ಪ್ರಮಾಣಪತ್ರವೊಂದು ತಡವಾದರೆ ಅಧಿಕಾರಿಯು ತನ್ನ ಸಂಬಳದಿಂದ ತೆರಬೇಕೆನ್ನುವ ರಾಜ್ಯವು, ಆಕ್ಷೇಪವಿಲ್ಲದ ಬಿಲ್ಲು ವರ್ಷ ತಡವಾದರೆ ಯಾರೂ ಏನನ್ನೂ ತೆರಬೇಕಾದುದಿಲ್ಲವೆನ್ನುವುದು ಅಸಂಗತ.

ಇಲ್ಲಿಯವರೆಗಿನ ಮಾತು ಎಲ್ಲ ಗುತ್ತಿಗೆದಾರರಿಗೂ ಸಮಾನ. ತುಂಡು ಗುತ್ತಿಗೆದಾರನ ಕಷ್ಟವು ಇದಕ್ಕೂ ಒಂದು ಮೆಟ್ಟಿಲು ಕೆಳಗಿನದು. ಬರಹದ ಕರಾರಿಲ್ಲದೆ ಸರ್ಕಾರಕ್ಕೆ ಕೆಲಸ ಮಾಡಿಕೊಟ್ಟವನನ್ನೂ ನ್ಯಾಯವು ಕೈಹಿಡಿದ ಉದಾಹರಣೆಯಿದೆ. 1944ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಂಗಾಳದ ಆರಾಮಬಾಗಿನಲ್ಲಿ ಆಹಾರ ಪೂರೈಕೆಯ ಇಲಾಖೆಗೆ ಉಗ್ರಾಣಗಳನ್ನು ಕಟ್ಟಿಕೊಟ್ಟ ಬಿ. ಕೆ. ಮಂಡಲ್ ಸಂಸ್ಥೆಯ ಹಣವನ್ನು, ವಿಧಿವತ್ತಾದ ಕರಾರಿಲ್ಲವೆಂದು ಸರ್ಕಾರವು ನಿರಾಕರಿಸಿತು. 1961ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾರು ಕಾಯಿದೆಯ 70ನೆಯ ಕಲಮನ್ನು ಎತ್ತಿಹಿಡಿದು, ಪುಕ್ಕಟೆಯೆಂದು ಎಣಿಸದೆ ಮಾಡಿಕೊಟ್ಟ ಕೆಲಸದ ಲಾಭವನ್ನು ಸ್ವೀಕರಿಸಿದವನು ಅದರ ಬೆಲೆಯನ್ನು ಕೊಡಲೇಬೇಕೆಂದಿತು. ಆದರೆ 1973ರಲ್ಲಿ, ಭಂಡಾರಾದ ಆಸ್ಪತ್ರೆಯ ಕಟ್ಟಡಕ್ಕೆ ಸಂಬಂಧಿಸಿದ ಪನ್ನಾಲಾಲ್ ಪ್ರಕರಣದಲ್ಲಿ, ಕರಾರು ಬೇರೊಬ್ಬರೊಡನೆ ಇದ್ದಾಗ ಲಾಭವು ಸರ್ಕಾರಕ್ಕೆ ಸಂದಿತೆಂಬ ಮಾತ್ರದಿಂದಲೇ ಅದರ ಮೇಲೆ ಹಕ್ಕು ಹುಟ್ಟದೆಂದು ಅದೇ ನ್ಯಾಯಾಲಯವು ಹೇಳಿತು. ತುಂಡು ಗುತ್ತಿಗೆದಾರನು ನಿಂತಿರುವುದು ಈ ಎರಡನೆಯ ಸ್ಥಾನದಲ್ಲಿ: ಅವನ ಕರಾರು ಮುಖ್ಯ ಗುತ್ತಿಗೆದಾರನೊಡನೆ, ಕೆಲಸದ ಲಾಭ ನಗರಕ್ಕೆ.

ಶಾಸನವು ಅವನನ್ನು ಕಾಣಲಾರದೆ ಇದೆಯೆನ್ನುವಂತೆಯೂ ಇಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನೆಂದರೆ ಉಪಗುತ್ತಿಗೆದಾರನೂ ಸೇರಿದನೆಂದು ಸ್ಪಷ್ಟವಾಗಿ ಹೇಳಿ, ಕೂಲಿಯ ಬಟವಾಡೆಯ ಹೊಣೆಯನ್ನು ಅವನ ಹೆಗಲಿಗೆ ಹೊರಿಸಿತು. ಅವನು ಕೊಡದೆ ಹೋದರೆ ಮೂಲ ಮಾಲಿಕನು ಕೂಲಿಯನ್ನು ಕೊಟ್ಟು ಅವನಿಂದ ವಸೂಲುಮಾಡಿಕೊಳ್ಳಬೇಕೆಂದೂ ವಿಧಿಸಿತು. ಈಗಿನ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ತತ್ತ್ವವು ಉಳಿದು ಬಂದಿದೆ. ಇದು ಶ್ಲಾಘ್ಯವಾದ ನ್ಯಾಯ. ಆದರೆ ಕೊಡುವ ಕರ್ತವ್ಯವನ್ನು ಹೊರಿಸುವಾಗ ಯಾರನ್ನು ಶಾಸನವು ಹೆಸರಿಟ್ಟು ಕರೆಯಿತೋ, ಪಡೆಯುವ ಹಕ್ಕಿನ ಪ್ರಸಂಗದಲ್ಲಿ ಅವನನ್ನೇ ಅಪರಿಚಿತನೆಂದು ಹಿಂದಕ್ಕೆ ಕಳುಹಿಸುವುದು ಹೇಗೆ ಸಮಂಜಸವಾದೀತು? ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಹಣ ಸಲ್ಲತಕ್ಕದ್ದೆಂದೂ ತಪ್ಪಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿಯೆಂದೂ ವಿಧಿಸುವ 2006ರ ಕಾಯಿದೆಯೂ ಅವನಿಗೆ ಸುಲಭವಾಗಿ ಒದಗದು. ಕಾಮಗಾರಿಯ ಗುತ್ತಿಗೆಗಳಿಗೆ ಅದು ಅನ್ವಯಿಸದೆಂದು ಹಲವು ತೀರ್ಪುಗಳಾಗಿವೆ.

ಕೌಟಿಲ್ಯನ ಅರ್ಥಶಾಸ್ತ್ರದ ಧರ್ಮಸ್ಥೀಯ ಅಧಿಕರಣದಲ್ಲಿ, ವೇತನವನ್ನು ಕೊಡದೆ ಇಟ್ಟುಕೊಂಡವನಿಗೆ ಹತ್ತನೆಯ ಒಂದು ಪಾಲು ಅಥವಾ ಆರು ಪಣಗಳ ದಂಡವನ್ನೂ, ಕೊಡಬೇಕಾದುದೇ ಇಲ್ಲವೆಂದು ಸುಳ್ಳಾಡುವವನಿಗೆ ಅದಕ್ಕೂ ಹೆಚ್ಚಿನ ದಂಡವನ್ನೂ ಹೇಳಿದೆ. ತಡವೂ ಒಂದು ತಪ್ಪೆಂಬುದು ಹೊಸ ಕಾಲದ ಕಲ್ಪನೆಯಲ್ಲ. ಹೊರದೇಶಗಳು ಈ ವಿಷಯದಲ್ಲಿ ಮುಂದೆ ಹೋಗಿವೆ. ಅಮೆರಿಕೆಯ 1935ರ ಮಿಲ್ಲರ್ ಶಾಸನದ ಮೇರೆಗೆ, ಒಕ್ಕೂಟದ ಕಾಮಗಾರಿಗಳನ್ನು ಪಡೆಯುವ ದೊಡ್ಡ ಗುತ್ತಿಗೆದಾರನು ಉಪಗುತ್ತಿಗೆದಾರರ ಮತ್ತು ಸಾಮಗ್ರಿ ಒದಗಿಸುವವರ ಹಣಕ್ಕೆ ಜಾಮೀನಿನ ಬಾಂಡನ್ನು ಮೊದಲೇ ಬರೆದುಕೊಡಬೇಕು. ಸರ್ಕಾರಿ ಕಟ್ಟಡವನ್ನು ಜಪ್ತಿಮಾಡಲಾಗದುದರಿಂದ, ಆ ಜಪ್ತಿಯ ಸ್ಥಾನದಲ್ಲಿ ಈ ಬಾಂಡು. ಬ್ರಿಟನ್ನಿನ 1996ರ ಶಾಸನವು ‘ನನಗೆ ಬಂದಾಗ ನಿನಗೆ ಕೊಡುವೆನು’ ಎಂಬ ಷರತ್ತನ್ನೇ, ಮೇಲಿನವನು ದಿವಾಳಿಯೆದ್ದ ಪ್ರಸಂಗವೊಂದನ್ನು ಬಿಟ್ಟು, ನಿಷ್ಫಲಗೊಳಿಸಿತು. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಕೆಯಲ್ಲಿರುವ ಫಿಡಿಕ್ ಕರಾರುಗಳಲ್ಲಿ, ಮಾಲಿಕನೇ ಗೊತ್ತುಮಾಡಿದ ಉಪಗುತ್ತಿಗೆದಾರನಿಗೆ ಹಣ ಸಂದಿತೆಂಬ ದಾಖಲೆಯನ್ನು ಕೇಳುವ, ಸಲ್ಲದಿದ್ದರೆ ನೇರವಾಗಿ ಕೊಡುವ ಅಧಿಕಾರವು ಇದೆ.

ಇವುಗಳಲ್ಲಿ ಯಾವುದೂ ದಾಂಡೇಲಿಯ ನಗರಸಭೆಗೋ ಮುಂಡಗೋಡದ ಪಟ್ಟಣ ಪಂಚಾಯತಿಗೋ ಮೀರಿದ ಸಾಹಸವಲ್ಲ. ಕಾಮಗಾರಿಯ ಒಂದು ಬಿಲ್ಲನ್ನು ಪಾಸು ಮಾಡುವಾಗ ಕಚೇರಿಯು ಏನೇನನ್ನು ಮುರಿದುಕೊಳ್ಳುತ್ತದೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಆದಾಯ ತೆರಿಗೆಯ ಕಡಿತ, ಜಿ.ಎಸ್.ಟಿ.ಯ ಶೇಕಡ 2, ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿಯ ಶೇಕಡ 1, ಖಡಿ-ಉಸುಕುಗಳ ರಾಜಧನ, ಭದ್ರತಾ ಠೇವಣಿ: ಇಷ್ಟಕ್ಕೂ ಬಿಲ್ಲಿನಲ್ಲಿ ಒಂದೊಂದು ಕಾಲಂ ಇದೆ. ಸರ್ಕಾರಕ್ಕೆ ಬರಬೇಕಾದ ಪ್ರತಿಯೊಂದು ಕಾಸನ್ನೂ ಮೊದಲೇ ಹಿಡಿದುಕೊಳ್ಳಬಲ್ಲ ಲೆಕ್ಕಶಾಸ್ತ್ರವು, ಕೆಲಸ ಮಾಡಿದವನ ಬಾಕಿಗೆ ಮಾತ್ರ ಒಂದು ಕಾಲಂ ಕೊಡಲಾರದೆ? ಕೆಲಸವು ಪ್ರಾರಂಭವಾಗುವಾಗ ತುಂಡು ಗುತ್ತಿಗೆದಾರನ ಹೆಸರನ್ನು ಕಡತಕ್ಕೆ ಸೇರಿಸುವುದು. ಕೊನೆಯ ಬಿಲ್ಲಿಗೂ ಠೇವಣಿಯ ವಾಪಸಾತಿಗೂ ಮುನ್ನ ಅವನಿಗೆ ಹಣ ಸಂದಿತೆಂಬ ಬ್ಯಾಂಕಿನ ದಾಖಲೆಯನ್ನು ಕೇಳುವುದು. ಸಲ್ಲದಿದ್ದರೆ ಆ ಮೊತ್ತವನ್ನು ಠೇವಣಿಯಿಂದಲೇ ಕೊಡುವುದು: ಇಷ್ಟನ್ನು ಟೆಂಡರಿನ ಷರತ್ತುಗಳಲ್ಲಿ ಸೇರಿಸಿದರೆ ಬಹುಪಾಲು ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಈ ಷರತ್ತುಗಳಿದ್ದೂ ಅವನ್ನು ಪಾಲಿಸದೆ ಠೇವಣಿಯನ್ನು ಬಿಟ್ಟುಕೊಟ್ಟ ಅಧಿಕಾರಿಯು ತನ್ನ ವಿವೇಚನೆಯ ಹೆಸರಿನಲ್ಲಿ ವಿನಾಯಿತಿಯನ್ನು ಕೇಳಲಾರನು, ಏಕೆಂದರೆ ಅಲ್ಲಿ ವಿವೇಚನೆಗೆ ಎಡೆಯೇ ಇರಲಿಲ್ಲ.

ಬಾಯಿಮಾತಿನ ಆದೇಶದ ಪ್ರಸಂಗವನ್ನು ಪ್ರತ್ಯೇಕವಾಗಿ ಎಣಿಸಬೇಕು. ಹಳಿಯಾಳಕ್ಕೆ ದೂರವಲ್ಲದ ಬೆಳಗಾವಿಯ ಹಿಂಡಲಗಾ ಗ್ರಾಮದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿಯ ಕಾಮಗಾರಿಗಳನ್ನು ಮಾಡಿಯೂ ಹಣ ಬರಲಿಲ್ಲವೆಂದು ದೂರಿದ್ದ ಗುತ್ತಿಗೆದಾರರೊಬ್ಬರು 2022ರ ಏಪ್ರಿಲಿನಲ್ಲಿ ಉಡುಪಿಯ ವಸತಿಗೃಹವೊಂದರಲ್ಲಿ ಮೃತರಾಗಿ ಕಂಡುಬಂದುದನ್ನು ಕನ್ನಡಿಗರು ಮರೆತಿರಲಾರರು. ಆರೋಪವನ್ನು ನಿರಾಕರಿಸಿದ ಅಂದಿನ ಗ್ರಾಮೀಣಾಭಿವೃದ್ಧಿ ಸಚಿವರು ರಾಜೀನಾಮೆಯಿತ್ತರು. ಪೊಲೀಸರು ಕೆಲವು ತಿಂಗಳುಗಳ ಮೇಲೆ ಸಾಕ್ಷ್ಯವಿಲ್ಲವೆಂದು ಬಿ ರಿಪೋರ್ಟನ್ನು ಸಲ್ಲಿಸಿದರು. ವ್ಯಕ್ತಿಗಳ ಅಪರಾಧ-ನಿರಪರಾಧಗಳ ವಿಚಾರಕ್ಕೆ ನಾನು ಹೋಗುವುದಿಲ್ಲ. ಆ ಪ್ರಕರಣದಲ್ಲಿ ಸರ್ಕಾರದ ಪರವಾಗಿ ಕೇಳಿಬಂದ ಮುಖ್ಯ ವಾದವು ಮಾತ್ರ ನಮಗೆ ಪ್ರಕೃತ: ಕಾರ್ಯಾದೇಶವೇ ಇರಲಿಲ್ಲವೆಂಬುದು. ಕಾರ್ಯಾದೇಶವಿಲ್ಲದೆ ಊರಿನ ಬೀದಿಗಳಲ್ಲಿ ಕಾಮಗಾರಿಯು ನಡೆಯುತ್ತಿರುವಾಗ ಅದನ್ನು ನೋಡುತ್ತ ಸುಮ್ಮನಿದ್ದು, ಬೆಲೆಯನ್ನು ಕೇಳಿದಾಗ ಕಾಗದವನ್ನು ಕೇಳುವುದು ಸದ್ಭಾವನೆಯ ಲಕ್ಷಣವಲ್ಲ. ಹಬ್ಬವೋ ಜಾತ್ರೆಯೋ ಮಂತ್ರಿಗಳ ಭೇಟಿಯೋ ಹತ್ತಿರವಾದಾಗ ‘ನೀವು ಕೆಲಸ ಶುರು ಮಾಡಿರಿ, ಕಾಗದ ಆಮೇಲೆ ನೋಡೋಣ’ ಎನ್ನುವ ಅಧಿಕಾರಿಯು, ಅಥವಾ ಹಾಗೆಂದು ಅವನಿಂದ ಹೇಳಿಸುವ ಜನಪ್ರತಿನಿಧಿಯು, ಶಾಸನವು ಕೊಟ್ಟ ಅಧಿಕಾರದ ಹೊರಗೆ ನಿಂತು ಮಾತನಾಡುತ್ತಿದ್ದಾನೆ. ಅಧಿಕಾರದ ಹೊರಗೆ ನಿಂತವನಿಗೆ ಅಧಿಕಾರದ ಕವಚವು ಸಲ್ಲದು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಎರಡು ಮಾತುಗಳನ್ನು ವಿಚಾರಿಸಬೇಕು. ಸಂಸ್ಥೆಯ ಬಳಿ ಹಣವೇ ಇಲ್ಲದಿದ್ದರೆ ಸಹಿ ಹಾಕಬೇಕಾದ ಅಧಿಕಾರಿಯು ಏನು ಮಾಡಿಯಾನು ಎಂಬುದು ಮೊದಲನೆಯದು. ಇದು ಸತ್ಯ, ಹಣವಿಲ್ಲದ ಖಾತೆಯ ಮುಂದೆ ಕುಳಿತವನನ್ನು ದಂಡಿಸಲಾಗದು. ಆದರೆ ಹಣವಿಲ್ಲದೆ ಕಾರ್ಯಾದೇಶವನ್ನು ಕೊಟ್ಟವನು ಯಾರೋ ಇರಬೇಕಷ್ಟೆ? ಅನುದಾನದ ಮಂಜೂರಾತಿಯ ಮಿತಿಯನ್ನು ಮೀರಿ ಕಾಮಗಾರಿಗಳನ್ನು ಹಂಚಿದ ತೀರ್ಮಾನವು ಕೆಲವೊಮ್ಮೆ ಕಚೇರಿಯದು, ಅನೇಕ ವೇಳೆ ಅದಕ್ಕೂ ಮೇಲಿನವರದು. ಹೊಣೆಯು ಆ ತೀರ್ಮಾನದ ಸ್ಥಳಕ್ಕೆ ಏರಿಹೋಗಬೇಕು. ಕೆಳಗಿನ ಗುಮಾಸ್ತನಲ್ಲಿ ನಿಂತುಬಿಟ್ಟರೆ ಸುಧಾರಣೆಯು ವಿಡಂಬನೆಯಾಗುತ್ತದೆ. ಎರಡನೆಯ ಮಾತು, ತುಂಡು ಗುತ್ತಿಗೆಯೇ ಅನೇಕ ಕಡೆ ಅನುಮತಿಯಿಲ್ಲದ ಗುಟ್ಟಿನ ವ್ಯವಹಾರವಾಗಿರುವಾಗ ಅದಕ್ಕೆ ರಕ್ಷಣೆ ಏಕೆ ಎಂಬುದು. ಗುಟ್ಟಾಗಿರುವುದು ಕಾಗದದಲ್ಲಿ ಮಾತ್ರ. ಕೆಲಸದ ಜಾಗದಲ್ಲಿ ನಿತ್ಯವೂ ಯಾರು ನಿಂತಿರುವರೆಂಬುದನ್ನು ಅಳತೆಗೆ ಬರುವ ಇಂಜಿನಿಯರ್ ಬಲ್ಲನು. ಬಲ್ಲುದನ್ನು ಬರೆಯದೆ ಇರುವ ಪದ್ಧತಿಯಿಂದ ಲಾಭವಾಗುವುದು ಪರವಾನಗಿಯನ್ನು ಬಾಡಿಗೆಗೆ ಕೊಟ್ಟವನಿಗೇ ಹೊರತು ಸಂಸ್ಥೆಗಲ್ಲ. ಹೆಸರನ್ನು ಬರೆಸಿದರೆ ಗುಟ್ಟೂ ಹೋಗುತ್ತದೆ, ಹೊಣೆಯೂ ನಿಲ್ಲುತ್ತದೆ.

ಆದುದರಿಂದ ನನ್ನ ವಾದದ ಸಾರವು ಇಷ್ಟು. ಪ್ರಾಮಾಣಿಕವಾಗಿ, ಎಚ್ಚರಿಕೆಯಿಂದ, ಕಾರಣವನ್ನು ಬರೆದಿಟ್ಟು ತೀರ್ಮಾನ ಮಾಡಿದ ಅಧಿಕಾರಿಯ ವಿನಾಯಿತಿಯನ್ನು ಯಾರೂ ಮುಟ್ಟಬಾರದು. ಅದನ್ನು ಇನ್ನೂ ಗಟ್ಟಿಮಾಡಿದರೂ ತಪ್ಪಿಲ್ಲ. ಗೊತ್ತಾದ ಅವಧಿಯೊಳಗೆ ಬಿಲ್ಲನ್ನು ಸಲ್ಲಿಸದೆ, ತಡೆದ ಕಾರಣವನ್ನೂ ಬರೆಯದೆ ಇದ್ದವನಿಗೆ ಸಕಾಲದ ಮಾದರಿಯ ದಿನದಂಡವಿರಲಿ. ಮೊತ್ತವನ್ನೂ ಬಡ್ಡಿಯನ್ನೂ ಮೊದಲು ಸಂಸ್ಥೆಯು ಕೊಟ್ಟು, ವಿಚಾರಣೆಯ ಬಳಿಕ ಲೋಪಕ್ಕೆ ಕಾರಣರಾದವರಿಂದ ವಸೂಲು ಮಾಡಲಿ. ಬಾಯಿಮಾತಿನ ಆದೇಶವನ್ನು ಕೊಟ್ಟವನಿಗೆ ವಿನಾಯಿತಿಯೇ ಇಲ್ಲದಿರಲಿ. ಇವುಗಳಲ್ಲಿ ಟೆಂಡರಿನ ಷರತ್ತುಗಳಷ್ಟನ್ನು ಸರ್ಕಾರವು ಒಂದು ಸುತ್ತೋಲೆಯಿಂದಲೇ ಜಾರಿಗೆ ತರಬಹುದು. ಉಳಿದುದಕ್ಕೆ ವಿಧಾನಮಂಡಲವು ಪುರಾಡಳಿತದ ಶಾಸನಗಳಿಗೆ ತಿದ್ದುಪಡಿಯನ್ನು ತರಬೇಕು. ಅಲ್ಲಿಯವರೆಗೆ ಈ ನಾಲ್ಕು ತಾಲ್ಲೂಕುಗಳ ತುಂಡು ಗುತ್ತಿಗೆದಾರರಿಗೆ ಹೇಳಬಹುದಾದ ಮಾತು ಒಂದೇ: ಎಷ್ಟೇ ಪರಿಚಿತನಾದ ಗುತ್ತಿಗೆದಾರನೇ ಆಗಲಿ, ಒಪ್ಪಂದವನ್ನು ಒಂದು ಹಾಳೆಯ ಮೇಲಾದರೂ ಬರೆಸಿಕೊಳ್ಳಿರಿ, ಕೆಲಸ ಪ್ರಾರಂಭಿಸಿದ ವಾರದಲ್ಲಿಯೇ ನಗರಸಭೆಗೋ ಪಂಚಾಯತಿಗೋ ಆ ವಿಷಯವನ್ನು ಲಿಖಿತವಾಗಿ ತಿಳಿಸಿ ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳಿರಿ, ಬಾಕಿಯು ಮೂರು ವರ್ಷ ಹಳತಾಗುವವರೆಗೆ ಭರವಸೆಯ ಮಾತುಗಳನ್ನು ನಂಬಿ ಕುಳಿತುಕೊಳ್ಳಬೇಡಿರಿ.